ಸುಣ್ಣದ ಅಂಕಿ

ಹಾಳುಗುಡಿ ನೋಡಲು ಬಂದವರು ಟಿಕೆಟ್ ಹರಿಸಿಕೊಂಡು ಒಳಗೆ ಕಾಲಿಟ್ಟೊಡನೆ ಮಾಡುವ ಮೊದಲ ಕೆಲಸ ಶಾಪ ಹಾಕುವುದು. ತಂತಿಬೇಲಿಯ ಒಳಗೆ ಆರುನೂರ ಹನ್ನೆರಡು ಕಲ್ಲುಗಳು ಹುಲ್ಲಿನಲ್ಲಿ ಸಾಲಾಗಿ ಬಿದ್ದಿವೆ. ಕಂಬದ ತುಂಡು, ಬಾಗಿಲುವಾಡದ ಅರ್ಧ, ಮೂಗಿಲ್ಲದ ಸಿಂಹ, ಬಳ್ಳಿ ಕೆತ್ತಿದ ಚಪ್ಪಡಿ. ಅದನ್ನೆಲ್ಲ ಕಂಡು ಯಾರಾದರೊಬ್ಬರು "ಅಯ್ಯೋ, ಯಾವ ಪಾಪಿಗಳು ಕೆಡವಿದರೋ, ಅವರ ಕೈ ಸೇದಿಹೋಗ" ಎಂದು ಅಂದೇ ಅನ್ನುತ್ತಾರೆ. ಉಳಿದವರು ಲೊಚಗುಟ್ಟುತ್ತಾರೆ. ಆಮೇಲೆ ಸಿಂಹದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ಆ ಶನಿವಾರ ಬೆಳಿಗ್ಗೆ, ಕೆಡವಿದ ಪಾಪಿ ಬೇಲಿಯ ಬಾಗಿಲಲ್ಲಿ ಮಗಳ ಕೈ ಹಿಡಿದುಕೊಂಡು ನಿಂತಿದ್ದ.

ಅವನು ಕಲ್ಲುಮೇಸ್ತ್ರಿ. ವಯಸ್ಸು ಎಪ್ಪತ್ತೆಂಟು. ಮಗಳು ಹೊಲಿಗೆಯವಳು, ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ನು ಹಾಕಿಕೊಂಡು ಓಣಿಯವರ ರವಿಕೆ, ಶಾಲೆ ಮಕ್ಕಳ ಅಂಗಿ ಹೊಲಿಯುತ್ತಾಳೆ. ಕೈಯಲ್ಲಿ ಸದಾ ಇರುವುದೂ ಸೂಜಿ, ಬಾಯಿಯೂ ಅದೇ ಬಗೆಯದು ಎಂದು ಅಪ್ಪ ಅವಳನ್ನು 'ಸೂಜಿ' ಎಂದೇ ಕರೆದ. ಓಣಿಗೂ ಅದೇ ಹೆಸರು ನಿಂತಿತು. ಎರಡು ವರ್ಷದಿಂದ ಮೇಸ್ತ್ರಿಗೆ ಮರೆವು. ಉಂಡಿದ್ದು ಮರೆಯುತ್ತಾನೆ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಳ್ಳುತ್ತಾನೆ, ಹೆಂಡತಿ ತೀರಿಹೋಗಿ ಆರು ವರ್ಷವಾದರೂ 'ಇವಳೆಲ್ಲಿ ಹೋದ್ಲು ಇಷ್ಟೊತ್ತಿಗೆ' ಎಂದು ಬಾಗಿಲಿಗೆ ಬಂದು ನೋಡುತ್ತಾನೆ. ಸೂಜಿ ಮೊದಮೊದಲು ಅವ್ವ ಇಲ್ಲ ಎಂದು ಹೇಳುತ್ತಿದ್ದಳು. ಪ್ರತಿ ಸಲವೂ ಅವನು ಹೊಸದಾಗಿ ಅಳುತ್ತಿದ್ದ. ಈಗ 'ಬರ್ತಾಳೆ ಕೂತ್ಕೋ' ಅನ್ನುತ್ತಾಳೆ.

ಬೇಲಿಯ ಒಳಗೆ ಕಾವಲುಗಾರ ಒಂದು ಗುಂಪಿಗೆ ಕಥೆ ಹೇಳುತ್ತಿದ್ದ. ಶತ್ರುರಾಜ ಬಂದನಂತೆ, ಮುನ್ನೂರು ಆನೆ ತಂದನಂತೆ, ಗೋಡೆಗೆ ಸರಪಳಿ ಕಟ್ಟಿ ಎಳೆಸಿದನಂತೆ.

"ಆನೆ ಎಲ್ಲಿತ್ತಪ್ಪಾ?" ಎಂದ ಮೇಸ್ತ್ರಿ. "ಒಂದು ಕ್ರೇನ್ ಇತ್ತು. ಅದೂ ಬಾಡಿಗೇದು. ಎರಡು ದಿನಕ್ಕೊಂದ್ಸಲ ಕೆಟ್ಟು ನಿಲ್ಲೋದು."

ಗುಂಪು ಗೊಳ್ಳೆಂದಿತು. ಕಾವಲುಗಾರನಿಗೆ ಕೋಪ ಬಂತು. "ಯಾರಮ್ಮಾ ಈ ಅಜ್ಜ? ಕರ್ಕೊಂಡು ಹೋಗಿ ನೆರಳಲ್ಲಿ ಕೂರ್ಸು" ಎಂದ. ಸೂಜಿಗೆ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳುವುದು ಸುಲಭವಲ್ಲ, ಆದರೆ ಆ ದಿನ ನುಂಗಿದಳು. ಬಂದ ಕೆಲಸ ದೊಡ್ಡದಿತ್ತು.

ಕ್ರೇನಿನ ಮಾತು ನಿಜ. ಹತ್ತೊಂಬತ್ತು ವರ್ಷದ ಹಿಂದೆ ಕೆಳಗಿನ ಕಣಿವೆಗೆ ಅಣೆಕಟ್ಟು ಬಂತು. ಏಳುನೂರು ವರ್ಷದ ಗುಡಿ ನೀರಿಗೆ ಹೋಗುವುದಿತ್ತು. ಆಗ ಕಚೇರಿಯವರು ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಗುಡ್ಡದ ಮೇಲೆ ತಂದು, ಇದ್ದ ಹಾಗೇ ಕಟ್ಟುವುದೆಂದು ಮಾಡಿದರು. ಬಿಚ್ಚುವ ಕೆಲಸಕ್ಕೆ ಇವನೇ ದೊಡ್ಡ ಮೇಸ್ತ್ರಿ. ಪ್ರತಿ ಕಲ್ಲಿಗೂ ಒಂದು ಅಂಕಿ, ಅದೇ ಅಂಕಿ ನಕ್ಷೆಯಲ್ಲೂ ಇರಬೇಕು. ಕಲ್ಲಿನ ಮೇಲೆ ಕೆಂಪು ಎಣ್ಣೆಬಣ್ಣದಲ್ಲಿ ಬರೆಯಿರಿ ಎಂದು ಹುಕುಂ ಬಂತು, ಬಣ್ಣದ ಡಬ್ಬಿಗಳೂ ಬಂದವು.

ಮೇಸ್ತ್ರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. "ಏಳುನೂರು ವರ್ಷ ನಿಂತ ಕಲ್ಲಿಗೆ ಲಾರಿ ನಂಬರ್ ಬಳಿಯೋ ಹಂಗೆ ಬಳಿಯೋದಾ? ಎಣ್ಣೆಬಣ್ಣ ಕಲ್ಲು ಕುಡಿದ್ರೆ ಮುಗೀತು, ಗುಡಿ ನಿಂತ ಮೇಲೂ ಮೈತುಂಬ ಅಂಕಿ" ಎಂದು ರಾತ್ರಿ ಊಟಕ್ಕೆ ಕೂತಾಗ ಗೊಣಗಿದ. ಆಗ ಸೂಜಿಗೆ ಇಪ್ಪತ್ತೆರಡು, ಹೊಲಿಗೆ ಕಲಿಯುತ್ತಿದ್ದ ಹೊಸತು. ಕಲಿತದ್ದನ್ನೆಲ್ಲ ಹೇಳಿಕೊಳ್ಳುವ ಉಮೇದು. "ನಾವು ಬಟ್ಟೆಗೆ ಚಾಕ್‌ಪೀಸಲ್ಲಿ ಗುರುತು ಹಾಕ್ತೀವಪ್ಪಾ. ಹೊಲಿದಾದ್ಮೇಲೆ ಒದರಿದ್ರೆ ಹೋಯ್ತು. ನೀನೂ ಹಂಗೇ ಮಾಡು" ಎಂದಳು. ಮೇಸ್ತ್ರಿಯ ಮುಖ ಅರಳಿತು. ಮೂರು ತಿಂಗಳಲ್ಲಿ, ಮಳೆಗಾಲಕ್ಕೆ ಮೊದಲೇ ಕಟ್ಟುವ ಕೆಲಸ ಶುರುವಾಗುವುದಿತ್ತಲ್ಲ. ಆರುನೂರ ಹನ್ನೆರಡು ಕಲ್ಲಿಗೂ ಸುಣ್ಣದಲ್ಲಿ, ಮುತ್ತು ಪೋಣಿಸಿದ ಹಾಗೆ ಅಂಕಿ ಬರೆದ.

ಮೂರು ತಿಂಗಳು ಕಳೆಯಿತು. ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಅಲ್ಲೇ ಮಲಗಿತು. ಮಳೆ ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಬಂತು. ಮೇಸ್ತ್ರಿ ಟಾರ್ಪಾಲು ಹೊತ್ತುಕೊಂಡು ಓಡಿದ. ಒಂದು ಟಾರ್ಪಾಲು ಎಷ್ಟು ಕಲ್ಲು ಮುಚ್ಚೀತು? ನೆನೆದು ತೊಪ್ಪೆಯಾಗಿ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದು "ಹೋಯ್ತು" ಎಂದ, ಅಷ್ಟೇ. ವಿಚಾರಣೆ ನಡೆಯಿತು. ಎಣ್ಣೆಬಣ್ಣ ಬಿಟ್ಟು ಸುಣ್ಣ ಬಳಿ ಅಂತ ಯಾರು ಹೇಳಿದ್ದು ಎಂದು ಕೇಳಿದರು. "ಯಾರೂ ಹೇಳಿಲ್ಲ, ನನ್ನದೇ ಬುದ್ಧಿ" ಎಂದ. ಅವನನ್ನು ಕೆಲಸದಿಂದ ತೆಗೆದರು. ಮನೆಯಲ್ಲೂ ಒಂದು ದಿನಕ್ಕೂ ಅವನು ಮಗಳ ಮುಖ ನೋಡಿ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಸೂಜಿಗೆ ಹತ್ತೊಂಬತ್ತು ವರ್ಷದಿಂದ ಅನ್ನಿಸುತ್ತಿದೆ. ಬೈಸಿಕೊಂಡ ತಪ್ಪಾದರೆ ಹಳತಾಗುತ್ತದೆ, ಬೈಸಿಕೊಳ್ಳದ್ದು ಹಾಗೇ ಇರುತ್ತದೆ.

ಈಗ ಕಚೇರಿಗೆ ಹೊಸದಾಗಿ ಒಬ್ಬ ಇಂಜಿನಿಯರಮ್ಮ ಬಂದಿದ್ದಳು. ಧೂಳು ಹಿಡಿದ ನಕ್ಷೆ ತೆಗೆದು, ಮೇಸ್ತ್ರಿಯ ವಿಳಾಸ ಹುಡುಕಿ, ಹೋದ ವಾರ ಫೋನು ಮಾಡಿದ್ದಳು. ಅಣೆಕಟ್ಟಿನ ಏರಿ ಕುಸಿಯುತ್ತಿದೆ, ಅದರ ಇಳಿಜಾರಿಗೆ ಹೊದಿಸಲು ಕಲ್ಲು ಬೇಕು, ಮೇಲಿನವರು ಈ ಕಲ್ಲುಗಳನ್ನೇ ಒಡೆದು ಹಾಕಿ ಎಂದಿದ್ದಾರೆ. ಸೋಮವಾರ ಲಾರಿ ಬರುತ್ತದೆ. ಅಷ್ಟರೊಳಗೆ ಗುಡಿಯ ಅಡಿಸಾಲಿನ ನಲವತ್ತು ಕಲ್ಲು ಯಾವ್ಯಾವುದು ಎಂದು ತಿಳಿದರೂ ಸಾಕು, ಅದನ್ನು ತೋರಿಸಿ ಲಾರಿ ನಿಲ್ಲಿಸುತ್ತೇನೆ; ಅಡಿಸಾಲು ಕೂತರೆ ಮೇಲಿನದನ್ನು ಹುಡುಕಿಕೊಂಡು ಹೋಗಬಹುದು ಎಂದಳು.

"ನಿಮ್ಮ ತಂದೆಯವರಿಗೆ ನೆನಪಿರಬಹುದಾ?"

"ಬೇರೆ ಏನು ಮರೆತ್ರೂ ಕಲ್ಲು ಮರೆತಿಲ್ಲ ಮೇಡಂ" ಎಂದುಬಿಟ್ಟಿದ್ದಳು ಸೂಜಿ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಗುಡಿ ಎದ್ದು ನಿಲ್ಲುವುದನ್ನು ಅಪ್ಪ ಕಣ್ಣಾರೆ ಕಂಡರೆ, ತನ್ನ ಎದೆಯ ಮೇಲಿನ ಚಪ್ಪಡಿಯೂ ಇಳಿದೀತು ಎಂಬ ಆಸೆ ಅವಳಿಗೆ.

ಇಂಜಿನಿಯರಮ್ಮ ದೊಡ್ಡ ಹಾಳೆ, ಅಳತೆ ಟೇಪು, ಒಂದು ಡಬ್ಬಿ ಕೆಂಪು ಎಣ್ಣೆಬಣ್ಣ ಹಿಡಿದು ಕಾಯುತ್ತಿದ್ದಳು. ಮೇಸ್ತ್ರಿಗೆ ಕೈ ಮುಗಿದಳು. "ಮೇಸ್ತ್ರಿಗಳೇ, ನೀವು ಕಲ್ಲು ಯಾವ ಜಾಗದ್ದು ಅಂತ ಹೇಳಿ. ನಿಮ್ಮ ಮಗಳು ಸದ್ಯಕ್ಕೆ ಚಾಕ್‌ಪೀಸಲ್ಲಿ ಅಂಕಿ ಬರೀಲಿ, ಹಾಳೆಯಲ್ಲಿ ಗುರುತು ಹಾಕ್ಲಿ. ಸಂಜೆಗೆ ಬಣ್ಣ ನಾನೇ ಬಳೀತೀನಿ."

"ಬಣ್ಣ ಬೇಡ ತಾಯಿ" ಎಂದ ಮೇಸ್ತ್ರಿ ಥಟ್ಟನೆ. ಸೂಜಿ ಬೆಚ್ಚಿದಳು. ಜೊತೆಗೆ ಖುಷಿಯೂ ಆಯಿತು. ನೆನಪಿದೆ!

ಕಲ್ಲುಗಳ ನಡುವೆ ಕಾಲಿಟ್ಟ ಮೇಲೆ ಅಪ್ಪ ಬೇರೆಯೇ ಆದ. ಬೆನ್ನು ನೆಟ್ಟಗಾಯಿತು. ಮಗಳ ಕೈ ಬಿಟ್ಟ. ಕಲ್ಲಿನಿಂದ ಕಲ್ಲಿಗೆ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿದ, ಅಂಚು ಸವರಿದ. ಒಂದು ಕಲ್ಲಿನ ಮುಂದೆ ನಿಂತು, "ಇದು ಬಾಗಿಲ ಕಡೆ ಎಡಮೂಲೆ" ಎಂದ.

ಇಂಜಿನಿಯರಮ್ಮ ಟೇಪು ಹಿಡಿದು ಅಳೆದಳು. ನಕ್ಷೆ ನೋಡಿದಳು. "ಸರಿಯಾಗಿದೆ!" ಎಂದು ಕಿರುಚಿಯೇಬಿಟ್ಟಳು. ಇನ್ನೊಂದು ಮೂಲೆಗಲ್ಲು, ಮತ್ತೊಂದು, ನಾಲ್ಕನೆಯದು. ಅರ್ಧ ಗಂಟೆಯಲ್ಲಿ ನಾಲ್ಕು ಮೂಲೆಯೂ ಸಿಕ್ಕವು, ನಾಲ್ಕೂ ನಕ್ಷೆಗೆ ಕೂದಲೆಳೆಯಷ್ಟೂ ತಪ್ಪಿಲ್ಲದೆ ಹೊಂದಿದವು. ಸೂಜಿಗೆ ಎಲ್ಲಿ ನೋಡಿದರೂ ಕಣ್ಣು ಮಂಜಾಗುತ್ತಿತ್ತು. ಕಾವಲುಗಾರನೂ ಆನೆಗಳನ್ನು ಅರ್ಧದಲ್ಲೇ ಬಿಟ್ಟು ಬಂದು ನೋಡಿದ, ಮೇಸ್ತ್ರಿಗೊಂದು ಕುರ್ಚಿ ತಂದು ಹಾಕಿದ.

ಉಳಿದವು ಮೂವತ್ತಾರು. ಕಷ್ಟ ಇದ್ದದ್ದು ಅಲ್ಲೇ. ಮೂಲೆಗಲ್ಲಿಗೆ ತನ್ನದೇ ಆಕಾರ ಇರುತ್ತದೆ. ನಡುವಿನ ಕಲ್ಲುಗಳು ನೋಡಲು ಎಲ್ಲವೂ ಒಂದೇ ಅಳತೆ. ಆದರೆ ಪ್ರತಿಯೊಂದರ ಮಗ್ಗುಲನ್ನೂ ಪಕ್ಕದ ಕಲ್ಲಿಗೆ ಮಾತ್ರ ಕೂರುವ ಹಾಗೆ ಕೈಯಲ್ಲಿ ತೀಡಿದ್ದಾರೆ. ಟನ್ನುಗಟ್ಟಲೆ ತೂಕ. ಒಂದೊಂದನ್ನೇ ಎತ್ತಿಟ್ಟು ಕೂರುತ್ತದಾ ಎಂದು ನೋಡಹೋದರೆ ಇನ್ನೂ ಹತ್ತೊಂಬತ್ತು ವರ್ಷ ಬೇಕು. ಇಲ್ಲಿ ಟೇಪಿನಿಂದ ಉಪಯೋಗವಿಲ್ಲ. ಮೇಸ್ತ್ರಿಯ ಕೈಯೇ ಹೇಳಬೇಕು.

ಅವನು ಹೇಳುತ್ತಾ ಹೋದ. "ಇದು ಎಡದಿಂದ ಏಳನೇದು. ಇದು ಹದಿನೆಂಟು. ಇದು ಹನ್ನೆರಡು, ಇದರ ಹೊಟ್ಟೇಲಿ ಒಂದು ಬಿಳೀ ಗೀರಿದೆ ನೋಡು." ಸೂಜಿ ಚಾಕ್‌ಪೀಸಿನಲ್ಲಿ ಅಂಕಿ ಬರೆದಳು, ಹಾಳೆಯಲ್ಲಿ ಗುರುತು ಹಾಕಿದಳು. ಮಧ್ಯಾಹ್ನ ಒಂದು ಗಂಟೆಗೆ ಹಾಳೆಯ ಚೌಕಗಳಲ್ಲಿ ಇಪ್ಪತ್ತು ಮನೆ ತುಂಬಿದ್ದವು. ಇಂಜಿನಿಯರಮ್ಮ ಮರದಡಿ ಕೂತು ಮೇಲಿನವರಿಗೆ ಬರೆಯುವ ಕಾಗದ ಶುರುಮಾಡಿದ್ದಳು.

ಊಟ ಮುಗಿಸಿ ಮತ್ತೆ ಎದ್ದರು. ಮೇಸ್ತ್ರಿ ಒಂದು ಕಲ್ಲಿನ ಮುಂದೆ ಬಗ್ಗಿ, "ಇದು ಮೂವತ್ತೊಂದು" ಎಂದ. ಆ ಕಲ್ಲಿನ ಮೇಲೆ ಸೂಜಿಯದೇ ಕೈಬರಹದಲ್ಲಿ ಏಳು ಎಂದು ಬರೆದಿತ್ತು.

"ಅಪ್ಪಾ, ಇದು ಏಳು ಅಂದಿದ್ದೆ."

"ಮೂವತ್ತೊಂದು ಕಣೇ. ನನಗೆ ಹೇಳಿಕೊಡ್ತೀಯಾ?"

ತಿದ್ದಿಕೊಳ್ಳುತ್ತಿದ್ದಾನೆ, ಒಳ್ಳೆಯದೇ ಆಯಿತು ಎಂದುಕೊಂಡಳು ಸೂಜಿ. ಏಳನ್ನು ಅಂಗೈಯಿಂದ ಒರೆಸಿ ಮೂವತ್ತೊಂದು ಎಂದು ಬರೆದಳು. ಹಾಳೆಯಲ್ಲಿ ಮೂವತ್ತೊಂದಕ್ಕೆ ಗುರುತು ಹಾಕಿದಳು. ಏಳರ ಗುರುತನ್ನು ಹೊಡೆದುಹಾಕಬೇಕಿತ್ತು. ಹಾಕಲಿಲ್ಲ. ಆಮೇಲೆ ಹಾಕಿದರಾಯಿತು ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಹದಿನೆಂಟು ಇಪ್ಪತ್ತೈದಾಯಿತು. ಅವಳು ಒರೆಸಿ ಬರೆದಳು. ಬಿಳೀ ಗೀರಿನ ಹನ್ನೆರಡು ಮೂವತ್ತಾಯಿತು. ಆಗ ಅವಳು ಚಾಕ್‌ಪೀಸು ಕೆಳಗಿಳಿಸಿದಳು. ಅಪ್ಪನ ಮುಖ ನೋಡಿದಳು. ಎರಡು ವರ್ಷದಲ್ಲಿ ಕಾಣದ ಬೆಳಕು ಇತ್ತು ಅಲ್ಲಿ, ಎಳ್ಳಷ್ಟೂ ಸಂಶಯ ಇರಲಿಲ್ಲ. ಇಂಜಿನಿಯರಮ್ಮನನ್ನು ಕರೆಯಬೇಕು ಎಂದುಕೊಂಡಳು. ಕರೆಯಲು ಬಾಯಿ ಬರಲಿಲ್ಲ. ಎಂಥೆಂಥವರ ಬಾಯಿ ಮುಚ್ಚಿಸಿದ ಸೂಜಿ, ತುಟಿ ಹೊಲಿದವಳ ಹಾಗೆ ಒರೆಸುತ್ತಾ ಬರೆಯುತ್ತಾ ಅಪ್ಪನ ಹಿಂದೆ ನಡೆದಳು. ಅಂಗೈ ತುಂಬ ಚಾಕ್‌ಪೀಸಿನ ಪುಡಿ.

ನಾಲ್ಕು ಗಂಟೆಗೆ ಹಾಳೆಯ ನಲವತ್ತು ಮನೆಯೂ ತುಂಬಿತು. ಮೇಸ್ತ್ರಿ ಕುರ್ಚಿಯಲ್ಲಿ ಕೂತು ನೀರು ಕೇಳಿದ. ಇಂಜಿನಿಯರಮ್ಮ ನಗುನಗುತ್ತ ಬಣ್ಣದ ಡಬ್ಬಿ ತೆರೆದಳು. ಬಳಿಯುವ ಮೊದಲು ಸಾಲಿನುದ್ದಕ್ಕೂ ನಡೆದು ಚಾಕ್‌ಪೀಸಿನ ಅಂಕಿ ಬಿದ್ದ ಕಲ್ಲುಗಳನ್ನು ಎಣಿಸಿದಳು. ನಿಂತಳು. ಆ ಕಡೆಯಿಂದ ಇನ್ನೊಂದು ಸಲ ಎಣಿಸಿದಳು. ಸೂಜಿಯ ಹತ್ತಿರ ಬಂದು ದನಿ ತಗ್ಗಿಸಿದಳು.

"ಹಾಳೆಯಲ್ಲಿ ನಲವತ್ತಿದೆ. ಕಲ್ಲು ಮೂವತ್ತೊಂದೇ ಇವೆ."

ಸೂಜಿ ಅಂಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಇಂಜಿನಿಯರಮ್ಮ ಮೇಸ್ತ್ರಿಯನ್ನು ಮೆಲ್ಲಗೆ ಎಬ್ಬಿಸಿ, ಬಿಳೀ ಗೀರಿನ ಕಲ್ಲಿನ ಬಳಿ ಕರೆದೊಯ್ದಳು. ಅಂಕಿಯ ಮೇಲೆ ತನ್ನ ಕೈ ಅಡ್ಡ ಇಟ್ಟಳು. "ಇದು ಎಲ್ಲಿಯದು ಮೇಸ್ತ್ರಿಗಳೇ?"

ಅವನು ಕಲ್ಲಿನ ಮೇಲೆ ಎರಡೂ ಅಂಗೈ ಊರಿ ಕಣ್ಣು ಮುಚ್ಚಿದ. "ಇದಾ? ಹಿಂದಿನ ಗೋಡೆ, ನಟ್ಟನಡುವಿನದು. ಇಪ್ಪತ್ತೊಂದು. ಇದನ್ನ ನಾನೇ ಬಿಚ್ಚಿದ್ದು ತಾಯಿ. ಎತ್ತಿದಾಗ ಕೆಳಗೊಂದು ಕಪ್ಪೆ ಕೂತಿತ್ತು. ಏಳುನೂರು ವರ್ಷದಿಂದ ಅಲ್ಲೇ ಇತ್ತೇನೋ ಅನ್ನೋ ಹಂಗೆ ನಮ್ಮನ್ನ ನೋಡ್ತು. ಆವತ್ತು ಯಾರೂ ಕೆಲಸ ಮಾಡ್ಲಿಲ್ಲ, ಅದು ಹೋಗೋತನಕ ಕಾದ್ವಿ." ಹೇಳಿ ನಕ್ಕ.

ಕಪ್ಪೆ ನಿಜವೇ ಇರಬೇಕು. ಯಾವ ಕಲ್ಲಿನ ಕೆಳಗೆ ಎಂಬುದನ್ನು ಹೇಳುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ.

ಇಂಜಿನಿಯರಮ್ಮ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಇಬ್ಬರೂ ಹೆಂಗಸರು ಸಿಂಹದ ಹಿಂದೆ ಹೋಗಿ ನಿಂತರು.

"ಬರೆದುಬಿಡಿ ಮೇಡಂ" ಎಂದಳು ಸೂಜಿ. "ನಲವತ್ತೂ ಸಿಕ್ತು ಅಂತ ಬರೆದುಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬರೆದ್ರೆ ಕಟ್ಟೋಕೆ ಶುರು ಮಾಡ್ತಾರಮ್ಮ. ಮೊದಲ ಸಾಲೇ ಕೂರಲ್ಲ. ಹೇಳಿದವರು ಯಾರು ಅಂತ ಕೇಳ್ತಾರೆ. ಮತ್ತೆ ಇವರನ್ನೇ ತಂದು ನಿಲ್ಲಿಸ್ತಾರೆ." ಆಕೆ ಸಿಂಹದ ಆಚೆ ಮೇಸ್ತ್ರಿಯ ಕಡೆ ತಿರುಗಿ ನೋಡಿದಳು. "ಬೇಕಾ ನಿಮಗೆ?"

"ನಾಲ್ಕು ಮೂಲೆ ಸರಿ ಇತ್ತಲ್ಲ ಮೇಡಂ."

"ಅದು ನಕ್ಷೆ ನೋಡಿದ್ರೆ ನನಗೂ ಗೊತ್ತಾಗ್ತಿತ್ತು."

ಸೂಜಿಗೆ ಸುಣ್ಣದ ಮಾತು ಹೇಳಿಬಿಡಬೇಕೆನ್ನಿಸಿತು. ಹೇಳಿದಳು ಕೂಡ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಗುರುತಿಲ್ಲದ ಆ ಹೆಂಗಸಿನ ಮುಂದೆ, "ಸುಣ್ಣ ಬಳಿ ಅಂದಿದ್ದು ನಾನು. ಅಪ್ಪ ಅಲ್ಲ, ನಾನು" ಎಂದು ಹೇಳಿ ಬಿಕ್ಕಿದಳು. ಇಂಜಿನಿಯರಮ್ಮ ಅವಳ ಭುಜ ಹಿಡಿದುಕೊಂಡಳು. ಆಕೆಯಾದರೂ ಏನು ಮಾಡಿಯಾಳು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಪ್ಪು ಯಾರದೆಂದು ಗೊತ್ತಾದ ಮಾತ್ರಕ್ಕೆ ಕಲ್ಲಿನ ಮೇಲೆ ಅಂಕಿ ಮೂಡುವುದಿಲ್ಲ.

ವಾಪಸು ಬಸ್ಸಿನಲ್ಲಿ ಮೇಸ್ತ್ರಿ ಕಿಟಕಿಯ ಪಕ್ಕ ಕೂತು ಹುರುಪಿನಲ್ಲಿದ್ದ. "ಯಾವಾಗಿಂದಂತೆ ಕೆಲಸ?" ಎಂದು ಕೇಳಿದ.

ಸೂಜಿ ಸುಳ್ಳು ಹೇಳಲೂ ಆರದೆ, ನಿಜ ಹೇಳಲೂ ಆರದೆ, "ಸೋಮವಾರ ಎಂಟು ಗಂಟೆಗೆ ಲಾರಿ ಬರುತ್ತಂತಪ್ಪ" ಎಂದಳು.

"ಕಲ್ಲು ಸಾಗ್ಸೋಕಲ್ವಾ?"

"ಹೂಂ. ಕಲ್ಲು ಸಾಗ್ಸೋಕೆ."

"ಬದುಕಿದೆ ಕಣೇ ಸೂಜಿ" ಎಂದು ಅವಳ ಮೊಣಕಾಲು ತಟ್ಟಿದ. ಸೂಜಿ ಆ ಕೈಯನ್ನು ಹಿಡಿದುಕೊಂಡು ಎದುರಿನ ಸೀಟಿನ ಬೆನ್ನು ನೋಡುತ್ತಾ ಕೂತಳು. ಮರೆಯುತ್ತಾನೆ, ನಾಳೆಗೆ ಎಲ್ಲ ಮರೆಯುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಅಪ್ಪನ ನೆನಪು ಮರಳಲಿ ಎಂದು ಎರಡು ವರ್ಷದಿಂದ ಬೇಡುತ್ತಿದ್ದವಳು, ಅಂದು ಅವನು ಮರೆಯಲಿ ಎಂದು ಬೇಡಿದಳು.

ಭಾನುವಾರ ಅವಳ ಬೇಡಿಕೆ ನೆರವೇರಿದ ಹಾಗೇ ಕಂಡಿತು. ಬೆಳಿಗ್ಗೆ ಅವನು ಅವಳನ್ನು 'ಅಕ್ಕಾ' ಎಂದು ಕರೆದ, ತೀರಿಹೋದ ತನ್ನ ಅಕ್ಕ ಎಂದು ತಿಳಿದು. ಎರಡು ಸಲ ಉಂಡ. ಸಂಜೆ ಬಾಗಿಲಿಗೆ ಬಂದು ಹೆಂಡತಿಗಾಗಿ ಓಣಿ ನೋಡಿದ. ಗುಡಿಯ ಮಾತು, ಕಲ್ಲಿನ ಮಾತು ಒಂದೂ ಬರಲಿಲ್ಲ. ಸೂಜಿ ನೆಮ್ಮದಿಯಿಂದ ನಾಲ್ಕು ಅಂಗಿಗೆ ಕಾಜಾ ಹೊಲಿದಳು. ಇಂಥದಕ್ಕೆ ನೆಮ್ಮದಿ ಪಡುವ ಕಾಲ ಬಂತಲ್ಲ ಎಂದು ಸಂಕಟವೂ ಪಟ್ಟಳು.

ಸೋಮವಾರ ಬೆಳಗಾಗುತ್ತಲೇ ಅವಳು ಎದ್ದು ಮುಂದಿನ ಕೋಣೆಗೆ ಬಂದರೆ, ಮೇಸ್ತ್ರಿ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಸ್ನಾನವಾಗಿತ್ತು. ಒಗೆದ ಅಂಗಿ ಹಾಕಿದ್ದ, ಗುಂಡಿಗಳೆಲ್ಲ ಸರಿಯಾಗಿ ಕೂತಿದ್ದವು. ಉಳಿ ಸುತ್ತಿಗೆಯ ಚೀಲ ತೊಡೆಯ ಮೇಲಿತ್ತು. ಅಟ್ಟದಿಂದ ಅದನ್ನು ಹೇಗೆ ಇಳಿಸಿದನೋ.

"ಎದ್ದೆಯಾ ಸೂಜಿ? ಬೇಗ ಹೊರಡು. ಎಂಟಕ್ಕೆ ಲಾರಿ ಬರುತ್ತೆ. ನಾವಿಲ್ದಿದ್ರೆ ಆ ಹುಡುಗರು ಕಲ್ಲನ್ನ ಹೆಂಗೆಂಗೋ ಎತ್ತಾಕ್ತಾರೆ, ಅಂಚು ಒಡೆದು ಹೋಗುತ್ತೆ."

ಸೂಜಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಬಸ್ ಇನ್ನೂ ಬಂದಿಲ್ಲಪ್ಪ" ಎಂದಳು.

"ಹೌದಾ" ಎಂದು ಕೂತ. ಏಳು ಗಂಟೆಗೆ ಬಸ್ ಬಂತಾ ಎಂದು ಕೇಳಿದ, ಇಲ್ಲ ಎಂದಳು. ಏಳೂವರೆಗೆ ಕೇಳಿದ, ಇಲ್ಲ ಎಂದಳು. ಎಂಟು ಬಡಿಯಿತು. ಒಂದು ಬಟ್ಟೆ ಮಿಷನ್ನಿಗೆ ಕೊಟ್ಟು ತುಳಿಯಲು ನೋಡಿದಳು, ಹೊಲಿಗೆ ಅಡ್ಡಾದಿಡ್ಡಿ ಹೋಯಿತು. ಎಂಟೂವರೆಯಾದರೂ ಅವನು ಚೀಲ ಕೆಳಗಿಡಲಿಲ್ಲ. ಸೂಜಿ ಮಿಷನ್ನಿನ ಮೇಲೆ ತಲೆಯಿಟ್ಟಳು.

ಮೇಸ್ತ್ರಿ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟ.

"ಬಸ್ ತಪ್ಪಿದ್ರೆ ಅಳ್ತಾರೇನೇ ಹುಚ್ಚಿ. ನಮ್ಮನ್ನ ಬಿಟ್ಟು ಅವರು ಒಂದು ಕಲ್ಲೂ ಎತ್ತಲ್ಲ, ಸುಮ್ನಿರು."